ಬೇಳೆಕಾಳಿನ ಬೇರಿನ ಗುಟ್ಟು ಬಿಡಿಸಿದ ಬೈಯೆರಿಂಕ್: ಒಂಟಿ ವಿಜ್ಞಾನಿ ಕಂಡುಕೊಟ್ಟ ಜೊತೆಬಾಳು

ಮುಂಬೈಯಲ್ಲಿರಲಿ, ಪುಣೆಯಲ್ಲಿರಲಿ, ದೆಹಲಿಯಲ್ಲಿರಲಿ, ಕನ್ನಡಿಗರ ಮನೆಯಲ್ಲಿ ತೊಗರಿಬೇಳೆ ಇಲ್ಲದ ಅಡುಗೆ ಅಪರೂಪ. ಸಾರಿಗೂ ಅದೇ, ಹುಳಿಗೂ ಅದೇ, ಹಬ್ಬದ ಹೋಳಿಗೆಗೂ ಎಷ್ಟೋ ಮನೆಗಳಲ್ಲಿ ಅದೇ. ಆ ತೊಗರಿ ಗಿಡವನ್ನು ಹೊಲದಿಂದ ಜೋಪಾನವಾಗಿ ಅಗೆದು ತೆಗೆದು ಬೇರು ತೊಳೆದು ನೋಡಿದರೆ ಅಲ್ಲಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿ ಗುಲಾಬಿ ಬಣ್ಣ. ಬೇಳೆಯಲ್ಲಿರುವ ಪ್ರೋಟೀನಿಗೆ ಬೇಕಾದ ಸಾರಜನಕದ ದೊಡ್ಡ ಪಾಲು ಬರುವುದು ಈ ಗಂಟುಗಳಿಂದಲೇ.

ಗಂಟಿನೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವುದು ಅವುಗಳ ಕೆಲಸ. ಇವತ್ತು ಇದು ಶಾಲಾ ಪಾಠ. ಆದರೆ ಆ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಹೊರತೆಗೆದು, ಬೇರೆ ಜೀವಿಗಳ ಸೋಂಕಿಲ್ಲದೆ ಪ್ರಯೋಗಾಲಯದಲ್ಲಿ ಬೆಳೆಸಿದ ಮೊದಲ ವ್ಯಕ್ತಿ ಯಾರು? ನೆದರ್ಲೆಂಡ್ಸ್‌ನ ಮಾರ್ಟಿನಸ್ ವಿಲ್ಲೆಮ್ ಬೈಯೆರಿಂಕ್. ವರ್ಷ 1888. ಆಗ ಅವರು ಪ್ರಾಧ್ಯಾಪಕರಲ್ಲ, ಒಂದು ಯೀಸ್ಟ್ ಕಾರ್ಖಾನೆಯ ಸಂಬಳದ ನೌಕರ.

ತಂಬಾಕು ವ್ಯಾಪಾರಿಯ ಮಗ

ಬೈಯೆರಿಂಕ್ ಹುಟ್ಟಿದ್ದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ತಂದೆ ಡರ್ಕ್ ತಂಬಾಕು ವ್ಯಾಪಾರಿ. ಮಗ ಇನ್ನೂ ಎಳೆ ಕೂಸಾಗಿದ್ದಾಗಲೇ ವ್ಯಾಪಾರ ಮುಳುಗಿತು. ತಂದೆ ರೈಲ್ವೆ ಕಂಪನಿಯಲ್ಲಿ ಗುಮಾಸ್ತಿಕೆಗೆ ಸೇರಿದರು, ಸಂಸಾರ ನಾರ್ಡನ್ ಎಂಬ ಪುಟ್ಟ ಊರಿಗೆ ಹೋಯಿತು. ಮಗನನ್ನು ಶಾಲೆಗೆ ಕಳಿಸುವಷ್ಟು ಅನುಕೂಲವಿರಲಿಲ್ಲ. ಹನ್ನೆರಡು ವರ್ಷದವರೆಗೆ ತಂದೆಯೇ ಮನೆಯಲ್ಲಿ ಪಾಠ ಹೇಳಿದರು.

ತಡವಾಗಿ ಶಾಲೆ ಸೇರಿದ ಹುಡುಗನಿಗೆ ಹಾರ್ಲೆಮ್ ಊರಿನ ಪ್ರೌಢಶಾಲೆಯಲ್ಲಿ ಗಿಡಮರಗಳ ಹುಚ್ಚು ಹತ್ತಿತು. ಹೊಲ, ಗದ್ದೆ, ಮರಳುದಿಬ್ಬ ಸುತ್ತಿ ಸಸ್ಯ ಸಂಗ್ರಹಿಸಿ ಬಹುಮಾನವನ್ನೂ ಪಡೆದ. ಆದರೆ ಸಸ್ಯಶಾಸ್ತ್ರ ಓದಲು ಕೈಯಲ್ಲಿ ಕಾಸಿರಲಿಲ್ಲ. ಬಂಧುವೊಬ್ಬರ ನೆರವಿನಿಂದ 1869ರಲ್ಲಿ ಡೆಲ್ಫ್ಟ್ ನಗರದ ಪಾಲಿಟೆಕ್ನಿಕ್ ಸೇರಿ, ಬೇಗ ಕೆಲಸ ಕೊಡಿಸಬಲ್ಲ ರಸಾಯನ ತಂತ್ರಜ್ಞಾನವನ್ನು ಓದಬೇಕಾಯಿತು. ಅಲ್ಲಿ ಸಿಕ್ಕ ಗೆಳೆಯ ಯಾಕೋಬಸ್ ವಾಂಟ್ ಹಾಫ್, ಮುಂದೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಡೆದವರು.

ಬಯಸಿದ್ದು ಗಿಡ, ಸಿಕ್ಕಿದ್ದು ರಸಾಯನ. ಆದರೆ ಎರಡೂ ಗೊತ್ತಿದ್ದದ್ದರಿಂದಲೇ ಬೇರುಗಂಟಿನ ಒಗಟು ಮುಂದೆ ಅವರ ಕೈಗೆ ಸಿಕ್ಕಿತು.

ಗಂಟುಗಳ ಬೆನ್ನು ಹತ್ತಿ

ಡೆಲ್ಫ್ಟ್ ಮುಗಿಸಿ ಲೈಡನ್ ವಿಶ್ವವಿದ್ಯಾಲಯಕ್ಕೆ ಹೋದರು. ಹೊಟ್ಟೆಪಾಡಿಗೆ ಕೃಷಿ ಶಾಲೆಗಳಲ್ಲಿ ಪಾಠ ಹೇಳುತ್ತಲೇ 1877ರಲ್ಲಿ ಡಾಕ್ಟರೇಟ್ ಪಡೆದರು. ವಿಷಯ, ಗಿಡಗಳ ಮೇಲೆ ಏಳುವ ಗಂಟುಗಳು. ಓಕ್ ಮರದ ಎಲೆಯ ಮೇಲೆ ಒಂದು ಬಗೆಯ ಕಣಜ ಮೊಟ್ಟೆಯಿಟ್ಟರೆ ಅಲ್ಲಿ ಗೋಲಿಯಂಥ ಗಂಟು ಏಳುತ್ತದೆ. ಅದನ್ನು ಬೆಳೆಸುವುದು ಮರವೇ, ಬೆಳೆಯುವಂತೆ ಮಾಡುವುದು ಮಾತ್ರ ಹೊರಗಿನಿಂದ ಬಂದ ಜೀವಿ. ಒಂದು ಜೀವಿ ಇನ್ನೊಂದರ ಮೈಯಲ್ಲಿ ತನಗೆ ಬೇಕಾದ ಮನೆ ಕಟ್ಟಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಜೀವನಪೂರ್ತಿ ಬಿಡಲಿಲ್ಲ.

ವಾಗೆನಿಂಗೆನ್ ಕೃಷಿ ಶಾಲೆಯಲ್ಲಿದ್ದಾಗ ಆಡಾಲ್ಫ್ ಮೇಯರ್ ಎಂಬ ಸಹೋದ್ಯೋಗಿ ತಂಬಾಕಿನ ಎಲೆಯ ಮೇಲೆ ಚುಕ್ಕೆ ಬೀಳುವ ರೋಗದ ಹಿಂದೆ ಬಿದ್ದಿದ್ದರು. ಬೈಯೆರಿಂಕ್ ಕೂಡ ಸೂಕ್ಷ್ಮದರ್ಶಕ ಹಿಡಿದು ನೋಡಿದರು. ರೋಗ ತರುವ ಜೀವಿ ಕಾಣಲಿಲ್ಲ. ಬ್ಯಾಕ್ಟೀರಿಯಾ ಬೆಳೆಸುವ ವಿದ್ಯೆ ಆಗ ಅವರಿಗೆ ಅಷ್ಟು ತಿಳಿದಿರಲಿಲ್ಲ. ಆ ಸೋಲು ಮನಸ್ಸಿನಲ್ಲಿ ಉಳಿಯಿತು.

ಕಾರ್ಖಾನೆಯ ಕರೆ

1885ರಲ್ಲಿ ಡೆಲ್ಫ್ಟ್‌ನ ಯೀಸ್ಟ್ ಮತ್ತು ಮದ್ಯಸಾರ ಕಾರ್ಖಾನೆಯ ಮಾಲೀಕ ಯಾಕ್ ವಾನ್ ಮಾರ್ಕನ್ ಅವರಿಗೆ ಸೂಕ್ಷ್ಮಜೀವಿಗಳನ್ನು ಬಲ್ಲವರು ಬೇಕಾಗಿತ್ತು. ಯೀಸ್ಟ್ ಚೆನ್ನಾಗಿ ಬೆಳೆದರೆ ಲಾಭ, ಬೇಡದ ಜೀವಿ ಸೇರಿಕೊಂಡರೆ ನಷ್ಟ. ಅವರು ಬೈಯೆರಿಂಕ್ ಅವರನ್ನು ಕರೆದು, ಅವರಿಗಾಗಿಯೇ ಪ್ರಯೋಗಾಲಯ ಕಟ್ಟಿಸಿಕೊಟ್ಟರು. ಸಂಬಳ ಒಳ್ಳೆಯದಿತ್ತು. ಮೂವತ್ತು ದಾಟಿದ ಮೇಲೆ ಬೈಯೆರಿಂಕ್ ಹೊಸ ವಿದ್ಯೆಯನ್ನು ಮೊದಲಿನಿಂದ ಕಲಿತರು.

ಆದರೆ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ವಿದ್ವಾಂಸರ ಸಹವಾಸ ದೂರವಾಯಿತು, ಕಾರ್ಖಾನೆಗೆ ತನ್ನಿಂದ ಸಾಕಷ್ಟು ಉಪಯೋಗವಾಗುತ್ತಿಲ್ಲ ಎಂಬ ಕೊರಗು ಹತ್ತಿತು. ಮಾಲೀಕರು ಮಾತ್ರ ಉದಾರಿ. ಕಾರ್ಖಾನೆಗೆ ಸಂಬಂಧವಿಲ್ಲದ ಸಂಶೋಧನೆಗೂ ಅಡ್ಡಿ ಮಾಡಲಿಲ್ಲ. ಆ ಬಿಡುವಿನಲ್ಲೇ ಬೈಯೆರಿಂಕ್ ಬೇಳೆಕಾಳಿನ ಗಿಡದ ಬೇರಿನತ್ತ ತಿರುಗಿದರು.

ರೈತರಿಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ

ದ್ವಿದಳ ಧಾನ್ಯ ಬೆಳೆದ ನೆಲ ಮುಂದಿನ ಬೆಳೆಗೆ ಹದವಾಗುತ್ತದೆ ಎಂಬುದು ರೋಮನ್ನರ ಕಾಲದಿಂದಲೂ ಗೊತ್ತಿದ್ದ ಸಂಗತಿ. ನಮ್ಮಲ್ಲಿ ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಹಾಕುವ ರೈತರಿಗೂ ಅದು ಗೊತ್ತು. ಏಕೆ ಹಾಗೆ ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

ಫ್ರಾನ್ಸಿನ ಬೂಸಿಂಗೋ 1838ರ ಹೊತ್ತಿಗೆ, ಬಟಾಣಿ ಮತ್ತು ಕ್ಲೋವರ್ ಗಿಡಗಳಲ್ಲಿ ಮಣ್ಣಿನಿಂದ ಬಂದದ್ದಕ್ಕಿಂತ ಹೆಚ್ಚು ಸಾರಜನಕ ಇರುವುದನ್ನು ತೂಕ ಮಾಡಿ ತೋರಿಸಿದ್ದರು. ಇಪ್ಪತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬಹಳ ಎಚ್ಚರಿಕೆಯಿಂದ ಪ್ರಯೋಗ ಮಾಡಿದವರಿಗೆ ಅಂಥದ್ದೇನೂ ಸಿಗಲಿಲ್ಲ. ಕಾರಣ ಅವರ ಎಚ್ಚರಿಕೆಯೇ! ಶುದ್ಧವಾಗಿರಲಿ ಎಂದು ಮಣ್ಣನ್ನು ಚೆನ್ನಾಗಿ ಕಾಯಿಸಿದ್ದರು. ಕೆಲಸ ಮಾಡಬೇಕಿದ್ದ ಜೀವಿಗಳು ಆ ಬಿಸಿಯಲ್ಲೇ ಸತ್ತಿದ್ದವು. ಸತ್ತದ್ದು ಏನೆಂದು ಯಾರಿಗೂ ಗೊತ್ತಿರಲಿಲ್ಲ.

ಬೇರಿನ ಗಂಟುಗಳನ್ನು ಇಟಲಿಯ ಮಾಲ್ಪೀಗಿ 17ನೇ ಶತಮಾನದಲ್ಲೇ ಚಿತ್ರಿಸಿದ್ದರು. ಅವರು ಅದನ್ನು ಕೀಟ ಎಬ್ಬಿಸಿದ ಗಂಟು ಅಂದುಕೊಂಡರು. ಆಮೇಲಿನವರು ರೋಗ ಎಂದರು, ಗಿಡದ ಆಹಾರದ ಉಗ್ರಾಣ ಎಂದರು. 1866ರಲ್ಲಿ ರಷ್ಯಾದ ವೊರೊನಿನ್ ಅದರೊಳಗೆ ಬ್ಯಾಕ್ಟೀರಿಯಾದಂಥ ಕಣಗಳನ್ನು ಕಂಡರು. ಅವು ನಿಜಕ್ಕೂ ಹೊರಗಿನ ಜೀವಿಗಳೋ, ಗಿಡವೇ ಮಾಡಿಕೊಂಡ ಪದಾರ್ಥವೋ ಎಂಬ ವಾದ ಇಪ್ಪತ್ತು ವರ್ಷ ನಡೆಯಿತು.

1886ರಲ್ಲಿ ಜರ್ಮನಿಯ ಹೆರ್ಮನ್ ಹೆಲ್‌ರೀಗಲ್ ಬರ್ಲಿನ್‌ನ ವಿಜ್ಞಾನಿಗಳ ಸಭೆಯಲ್ಲಿ ತಮ್ಮ ಹಾಗೂ ಸಹಾಯಕ ವಿಲ್‌ಫಾರ್ಟ್ ಅವರ ಪ್ರಯೋಗಗಳನ್ನು ಮುಂದಿಟ್ಟರು. ಸಾರಜನಕವಿಲ್ಲದ ಶುದ್ಧ ಮರಳಿನ ಕುಂಡದಲ್ಲಿ ಓಟ್ಸ್ ಸೊರಗಿತು. ಬಟಾಣಿ ಮಾತ್ರ ಕೆಲವು ಕುಂಡಗಳಲ್ಲಿ ಸೊರಗಿತು, ಕೆಲವು ಕುಂಡಗಳಲ್ಲಿ ಸೊಂಪಾಗಿ ಬೆಳೆಯಿತು. ಬೆಳೆದ ಗಿಡಗಳ ಬೇರಿನಲ್ಲಿ ಗಂಟುಗಳಿದ್ದವು. ಹೊಲದ ಮಣ್ಣನ್ನು ನೀರಿನಲ್ಲಿ ಕದಡಿ ಆ ತಿಳಿಯನ್ನು ಸ್ವಲ್ಪ ಹಾಕಿದರೆ ಸೊರಗಬೇಕಿದ್ದ ಬಟಾಣಿ ಚೇತರಿಸಿಕೊಂಡಿತು. ಅದೇ ತಿಳಿಯನ್ನು ಕುದಿಸಿ ಹಾಕಿದರೆ ಏನೂ ಆಗಲಿಲ್ಲ. ಅಂದರೆ ಮಣ್ಣಿನಲ್ಲಿರುವ ಯಾವುದೋ ಜೀವಿಯೇ ಕಾರಣ. ಆದರೆ ಆ ಜೀವಿ ಯಾವುದು?

1888ರ ಶೋಧ

ಈ ಪ್ರಶ್ನೆಗೆ ಬೈಯೆರಿಂಕ್ ತಕ್ಕ ವ್ಯಕ್ತಿಯಾಗಿದ್ದರು. ಗಿಡದ ಗಂಟುಗಳ ಮೇಲೆ ಡಾಕ್ಟರೇಟ್ ಮಾಡಿದ್ದರು. ಡೆಲ್ಫ್ಟ್‌ನಲ್ಲಿ ರಸಾಯನ ಕಲಿತಿದ್ದರು. ಕಾರ್ಖಾನೆಯಲ್ಲಿ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ಬೆಳೆಸುವ ಕೈಚಳಕ ಬಂದಿತ್ತು.

ಗಂಟುಗಳ ಹೊರಮೈಗೆ ಅಂಟಿದ ಬೇರೆ ಜೀವಿಗಳು ಹೋಗುವಂತೆ ತೊಳೆದು, ಸೀಳಿ, ಒಳಗಿನ ರಸವನ್ನು ತೆಗೆದರು. ಅದನ್ನು ಯಾವುದರ ಮೇಲೆ ಬೆಳೆಸಬೇಕು? ಗಿಡದೊಳಗೆ ಬಾಳುವ ಜೀವಿಗೆ ಗಿಡದ ರುಚಿಯೇ ಬೇಕು ಎಂದು ಊಹಿಸಿ, ದ್ವಿದಳ ಗಿಡದ ಎಲೆಯ ಕಷಾಯಕ್ಕೆ ಜಿಲೆಟಿನ್ ಮತ್ತು ಸ್ವಲ್ಪ ಸಕ್ಕರೆ ಬೆರೆಸಿ ಹದ ಮಾಡಿದರು. ಅದರ ಮೇಲೆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯಿತು. 1888ರಲ್ಲಿ ಇದನ್ನು ಜರ್ಮನ್ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿ, ಬ್ಯಾಸಿಲಸ್ ರ‍್ಯಾಡಿಸಿಕೋಲ ಎಂದು ಹೆಸರಿಟ್ಟರು. ಬೇರಿನಲ್ಲಿ ವಾಸಿಸುವುದು ಎಂದು ಅದರ ಅರ್ಥ. ಮರುವರ್ಷ ಜರ್ಮನಿಯ ಫ್ರಾಂಕ್ ಕೊಟ್ಟ ರೈಜೋಬಿಯಂ ಎಂಬ ಹೆಸರೇ ಮುಂದೆ ಉಳಿಯಿತು.

ಗಂಟಿನಿಂದ ತೆಗೆದದ್ದೇ ಗಂಟಿಗೆ ಕಾರಣ ಎಂಬುದನ್ನೂ ತೋರಿಸಬೇಕಿತ್ತು. ತಾವು ಬೆಳೆಸಿದ ಬ್ಯಾಕ್ಟೀರಿಯಾವನ್ನು ಬಾಕ್ಲಾ ಅವರೆಯ ಸಸಿಗಳಿಗೆ ಹಾಕಿ, ಬೇರಿನಲ್ಲಿ ಗಂಟು ಏಳುವುದನ್ನು 1890ರಲ್ಲಿ ವರದಿ ಮಾಡಿದರು. ಅದೇ ಹೊತ್ತಿಗೆ ಪೋಲೆಂಡಿನ ಪ್ರಾಜ್‌ಮೋವ್ಸ್ಕಿ ಬಟಾಣಿಯಲ್ಲಿ ಅದನ್ನೇ ತೋರಿಸಿದರು. ವಾದ ಮುಗಿಯಿತು.

ಸಿಗದಿದ್ದನ್ನು ಸಿಕ್ಕಿತೆನ್ನಲಿಲ್ಲ

ಇಲ್ಲೊಂದು ವಿಚಿತ್ರವಿದೆ. ಬ್ಯಾಕ್ಟೀರಿಯಾ ಕೈಗೆ ಸಿಕ್ಕಿತ್ತು, ಆದರೆ ಗಾಜಿನ ಪಾತ್ರೆಯಲ್ಲಿ ಒಂಟಿಯಾಗಿ ಬೆಳೆಸಿದಾಗ ಅದು ಗಾಳಿಯ ಸಾರಜನಕವನ್ನು ಹಿಡಿಯುವುದು ಕಾಣಲಿಲ್ಲ. ಹೆಲ್‌ರೀಗಲ್ ಅವರ ಕುಂಡಗಳು ಹೌದು ಎನ್ನುತ್ತಿದ್ದವು, ಬೈಯೆರಿಂಕ್ ಅವರ ಪಾತ್ರೆ ಇಲ್ಲ ಎನ್ನುತ್ತಿತ್ತು. ಬೇರೆಯವರಾಗಿದ್ದರೆ ಕೀರ್ತಿಯ ಆಸೆಗೆ ಒಂದು ಹೆಜ್ಜೆ ಹೆಚ್ಚು ಹೇಳಿಬಿಡುತ್ತಿದ್ದರೇನೋ. ಬೈಯೆರಿಂಕ್ ಕಂಡದ್ದನ್ನಷ್ಟೇ ಹೇಳಿ, ಉಳಿದದ್ದರ ಬಗ್ಗೆ ಅನುಮಾನ ಇಟ್ಟುಕೊಂಡರು.

ಏಕೆ ಹಾಗಾಯಿತು ಎಂಬುದು ಸ್ಪಷ್ಟವಾಗಲು ಬಹಳ ಕಾಲ ಬೇಕಾಯಿತು. ಗಾಳಿಯ ಸಾರಜನಕವನ್ನು ಒಡೆಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕು. ಈ ಇಕ್ಕಟ್ಟನ್ನು ಗಿಡ ಬಿಡಿಸುತ್ತದೆ. ಗಂಟಿನೊಳಗೆ ನಮ್ಮ ರಕ್ತದ ಹಿಮೋಗ್ಲೋಬಿನ್‌ನಂಥ ಒಂದು ವಸ್ತುವನ್ನು ತಯಾರಿಸಿ, ಆಮ್ಲಜನಕವನ್ನು ಅಳೆದು ಕೊಡುತ್ತದೆ. ಗಂಟಿನ ಗುಲಾಬಿ ಬಣ್ಣ ಅದರದ್ದೇ. ಜೊತೆಗೆ ಎಲೆಯಲ್ಲಿ ತಯಾರಾದ ಸಕ್ಕರೆಯ ಪಾಲನ್ನೂ ಬೇರಿಗೆ ಇಳಿಸುತ್ತದೆ. ಪ್ರತಿಯಾಗಿ ಬ್ಯಾಕ್ಟೀರಿಯಾ ಅಮೋನಿಯಾ ಕೊಡುತ್ತದೆ. ಕೊಡು-ಕೊಳ್ಳುವ ಈ ಮನೆಯಿಂದ ಹೊರತಂದರೆ ಸಾಮಾನ್ಯವಾಗಿ ಕೆಲಸ ನಿಲ್ಲುತ್ತದೆ. ಆಮ್ಲಜನಕವನ್ನು ತೀರ ಕಡಿಮೆ ಮಾಡಿದರೆ ಕೆಲವು ತಳಿಗಳು ಗಿಡವಿಲ್ಲದೆಯೂ ಸಾರಜನಕ ಹಿಡಿಯಬಲ್ಲವು ಎಂದು ತೋರಿದ್ದು 1975ರಲ್ಲಿ, ಬೈಯೆರಿಂಕ್ ತೀರಿಕೊಂಡು 44 ವರ್ಷಗಳ ಬಳಿಕ.

ಮಣ್ಣಿಗೆ ಪ್ರಶ್ನೆ ಕೇಳಿದ ಪ್ರಾಧ್ಯಾಪಕ

1895ರಲ್ಲಿ ಡೆಲ್ಫ್ಟ್ ಪಾಲಿಟೆಕ್ನಿಕ್ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಅಲ್ಲಿ ಅವರು ಬೆಳೆಸಿದ ವಿಧಾನ ಇಂದಿಗೂ ಸೂಕ್ಷ್ಮಜೀವಿ ವಿಜ್ಞಾನದ ಬೆನ್ನೆಲುಬು. ಮಣ್ಣಿನ ಒಂದು ಚಿಟಿಕೆಯಲ್ಲಿ ಸಾವಿರಾರು ಬಗೆಯ ಜೀವಿಗಳಿರುತ್ತವೆ. ಬೇಕಾದ ಒಂದನ್ನು ಹುಡುಕುತ್ತ ಕೂರುವ ಬದಲು, ಅದೊಂದಕ್ಕೆ ಮಾತ್ರ ಒಗ್ಗುವ ಊಟ, ಗಾಳಿ, ಬಿಸಿ ಒದಗಿಸಿ. ಉಳಿದವು ಹಿಂದೆ ಬೀಳುತ್ತವೆ, ಬೇಕಾದದ್ದು ತಾನಾಗಿಯೇ ಮೇಲೆ ಬರುತ್ತದೆ. ರಷ್ಯಾದ ಸೆರ್ಗೆ ವಿನೊಗ್ರಾಡ್‌ಸ್ಕಿ ಕೂಡ ಅದೇ ಕಾಲದಲ್ಲಿ ಇದೇ ದಾರಿ ಹಿಡಿದಿದ್ದರು.

1901ರಲ್ಲಿ ಈ ವಿಧಾನ ಫಲ ಕೊಟ್ಟಿತು. ಸಾರಜನಕವನ್ನೇ ಹಾಕದ ದ್ರಾವಣಕ್ಕೆ ತೋಟದ ಮಣ್ಣು ಸೇರಿಸಿ ಗಾಳಿಯಾಡಲು ಬಿಟ್ಟರು. ಗಾಳಿಯಿಂದಲೇ ಸಾರಜನಕ ಪಡೆಯಬಲ್ಲ ಜೀವಿ ಮಾತ್ರ ಅದರಲ್ಲಿ ಬದುಕಬೇಕು. ಬದುಕಿದ್ದು ಅಜೋಟೊಬ್ಯಾಕ್ಟರ್. ಯಾವ ಗಿಡದ ಹಂಗೂ ಇಲ್ಲದೆ ಮಣ್ಣಿನಲ್ಲಿ ಸ್ವತಂತ್ರವಾಗಿ ಬಾಳುವ ಈ ಬ್ಯಾಕ್ಟೀರಿಯಾದ ಹೆಸರನ್ನು ನಮ್ಮ ರೈತರು ಇಂದು ಜೈವಿಕ ಗೊಬ್ಬರದ ಪೊಟ್ಟಣದ ಮೇಲೆ ಓದುತ್ತಾರೆ.

ಹಳೆಯ ಸೋಲಿನ ಲೆಕ್ಕವೂ ಚುಕ್ತಾ ಆಯಿತು. ರೋಗ ಹಿಡಿದ ತಂಬಾಕಿನ ಎಲೆಯ ರಸವನ್ನು, ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದರು. ಸೋಸಿದ ರಸವೂ ರೋಗ ತಂದಿತು. ಅಷ್ಟೇ ಅಲ್ಲ, ಗಿಡದಿಂದ ಗಿಡಕ್ಕೆ ಹೋದಂತೆಲ್ಲ ಅದರ ಬಲ ಕುಂದಲಿಲ್ಲ, ಅಂದರೆ ಒಳಗೆ ಹೆಚ್ಚುತ್ತಿದೆ. ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಬಗೆಯದು ಎಂದು 1898ರಲ್ಲಿ ಸಾರಿದರು. ವೈರಸ್ ಎಂಬ ಪದವನ್ನು ಆ ಅರ್ಥದಲ್ಲಿ ಬಳಸಿದರು. ಸೋಸಿದ ರಸವೂ ರೋಗ ತರುತ್ತದೆಂದು ರಷ್ಯಾದ ಇವಾನೋವ್‌ಸ್ಕಿ 1892ರಲ್ಲೇ ಕಂಡಿದ್ದರೆಂದು ತಿಳಿದಾಗ, ಮೊದಲಿಗರು ಅವರೇ ಎಂದು ತಕರಾರಿಲ್ಲದೆ ಒಪ್ಪಿಕೊಂಡರು. ತಂದೆಯನ್ನು ಮುಳುಗಿಸಿದ ತಂಬಾಕು ಮಗನಿಗೆ ಹೆಸರು ತಂದಿತು.

ಜನರೊಡನೆ ಹೊಂದದ ಮನುಷ್ಯ

ವಿಜ್ಞಾನದಲ್ಲಿ ಇಷ್ಟು ಉದಾರವಾಗಿದ್ದ ಬೈಯೆರಿಂಕ್ ಒಡನಾಟದಲ್ಲಿ ಬಹಳ ಒರಟು. ವಿದ್ಯಾರ್ಥಿಗಳನ್ನು ಎಲ್ಲರೆದುರು ಗದರುತ್ತಿದ್ದರು. ಸಂಸಾರ ಮತ್ತು ವಿಜ್ಞಾನ ಒಟ್ಟಿಗೆ ಸಾಗಲಾರವು ಎಂಬುದು ಅವರ ನಿಲುವು. ತಾವೂ ಮದುವೆಯಾಗಲಿಲ್ಲ. ಗುರುವಿನ ಪಾಂಡಿತ್ಯ ಕಂಡು ಬೆರಗಾದ ಶಿಷ್ಯರೇ ಅವರ ಹತ್ತಿರ ಹೋಗಲು ಹೆದರುತ್ತಿದ್ದರು.

ಜೊತೆಗಿದ್ದವರು ಮದುವೆಯಾಗದ ಇಬ್ಬರು ಅಕ್ಕಂದಿರು. ಅವರಲ್ಲೊಬ್ಬರಾದ ಹೆನ್ರಿಯೆಟ್, ತಮ್ಮನ ಪಾಠಗಳಿಗಾಗಿ ಸಸ್ಯ ಮತ್ತು ಸೂಕ್ಷ್ಮಜೀವಿಗಳ ದೊಡ್ಡ ದೊಡ್ಡ ಗೋಡೆಚಿತ್ರಗಳನ್ನು ಬರೆದುಕೊಟ್ಟರು. ಶೋಧದ ಕೀರ್ತಿಯೆಲ್ಲ ಬೈಯೆರಿಂಕ್ ಅವರದ್ದಾದರೂ ಮನೆ ನಡೆದದ್ದು, ಪಾಠಕ್ಕೆ ಕಣ್ಣು ಬಂದದ್ದು ಈ ಅಕ್ಕಂದಿರಿಂದ.

1921ರಲ್ಲಿ 70 ತುಂಬಿದಾಗ ನಿಯಮದಂತೆ ನಿವೃತ್ತಿಯಾಯಿತು. ಪ್ರಯೋಗಾಲಯ ಬಿಡುವುದು ಅವರಿಗೆ ನೋವಿನ ಸಂಗತಿಯಾಗಿತ್ತು. ಅಕ್ಕಂದಿರೊಡನೆ ಗೋರ್ಸೆಲ್ ಎಂಬ ಹಳ್ಳಿಗೆ ಹೋಗಿ, ಬಾಲ್ಯದ ಗೀಳಾದ ಗಿಡಗಳ ನಡುವೆ ಕೊನೆಯ ವರ್ಷಗಳನ್ನು ಕಳೆದರು. ಲಂಡನ್ನಿನ ರಾಯಲ್ ಸೊಸೈಟಿ 1926ರಲ್ಲಿ ವಿದೇಶಿ ಸದಸ್ಯತ್ವ ನೀಡಿತು. ನೊಬೆಲ್ ಬರಲಿಲ್ಲ. 1931ರ ಜನವರಿ 1ರಂದು, ಊರೆಲ್ಲ ಹೊಸ ವರ್ಷದಲ್ಲಿದ್ದಾಗ, ಅವರು ತೀರಿಕೊಂಡರು.

ಪಾತ್ರೆಯಿಂದ ಪೊಟ್ಟಣಕ್ಕೆ

ಬೈಯೆರಿಂಕ್ ತೋರಿಸಿದ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆಸಿ, ಜರ್ಮನಿಯ ನೊಬ್ಬೆ ಮತ್ತು ಹಿಲ್ಟ್‌ನರ್ 1896ರಲ್ಲಿ ನೈಟ್ರಜಿನ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಒಂದೊಂದು ಬೆಳೆಗೆ ಒಂದೊಂದು ಸೀಸೆ. ಮೊದಮೊದಲು ಎಷ್ಟೋ ಕಡೆ ನಿರಾಸೆಯಾಯಿತು, ಏಕೆಂದರೆ ಹೊಲ ಸೇರುವ ಮೊದಲೇ ಬ್ಯಾಕ್ಟೀರಿಯಾ ಸಾಯುತ್ತಿತ್ತು. 1913ರಲ್ಲಿ ಜರ್ಮನಿಯಲ್ಲಿ ಹಾಬರ್-ಬಾಷ್ ವಿಧಾನದ ಕಾರ್ಖಾನೆ ಶುರುವಾಗಿ, ನೂರಾರು ಡಿಗ್ರಿ ಬಿಸಿ ಮತ್ತು ಭಾರೀ ಒತ್ತಡದಲ್ಲಿ ಅಮೋನಿಯಾ ತಯಾರಾಗತೊಡಗಿತು. ಯೂರಿಯಾ ಯುಗಕ್ಕೆ ದಾರಿಯಾಯಿತು. ಅದೇ ಕೆಲಸವನ್ನು ಬೇರುಗಂಟು ಹೊಲದ ಸಾಮಾನ್ಯ ಬಿಸಿಯಲ್ಲಿ, ಸದ್ದಿಲ್ಲದೆ ಮಾಡುತ್ತಲೇ ಇತ್ತು.

ಭಾರತದಲ್ಲಿ ಇದರ ಬೆಲೆ ಸೋಯಾಬೀನ್ ಬಂದಾಗ ಚೆನ್ನಾಗಿ ಗೊತ್ತಾಯಿತು. ಮಧ್ಯಪ್ರದೇಶದಲ್ಲಿ ಅದು ಹರಡತೊಡಗಿದ ಕಾಲಕ್ಕೆ, ಅದಕ್ಕೆ ಹೊಂದುವ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲಿ ಅಪರೂಪವಾಗಿತ್ತು. ಬೀಜಕ್ಕೆ ಲೇಪಿಸಿ ಬಿತ್ತಿದಾಗ ಬೆಳೆಯಲ್ಲಿ ವ್ಯತ್ಯಾಸ ಕಂಡಿತು. ತೊಗರಿ, ಹೆಸರು, ಉದ್ದು, ಅಲಸಂದೆ, ಕಡಲೆಕಾಯಿಗೆ ಒಂದು ಗುಂಪಿನ ಬ್ಯಾಕ್ಟೀರಿಯಾ ಹೊಂದಿದರೆ, ಕಡಲೆಗೆ ಬೇರೆಯೇ ಬೇಕು, ಬಟಾಣಿಗೆ ಇನ್ನೊಂದು.

ಇಂದು ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ರೈಜೋಬಿಯಂ ಪೊಟ್ಟಣ ತಯಾರಿಸುತ್ತವೆ. ಅಂಟಿಕೊಳ್ಳಲೆಂದು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬೇಗನೆ ಬಿತ್ತಬೇಕು. ಬಿಸಿಲಿಗೆ ಒಡ್ಡಿದರೆ, ಅವಧಿ ಮೀರಿದ ಪೊಟ್ಟಣ ಬಳಸಿದರೆ, ಗೊಬ್ಬರದೊಡನೆ ಬೆರೆಸಿಟ್ಟರೆ ಒಳಗಿರುವುದು ಸಾಯುತ್ತದೆ. ಯೂರಿಯಾ ಹೆಚ್ಚು ಸುರಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ರಂಜಕದ ಕೊರತೆ ಇದ್ದರೂ ಫಲ ಕಡಿಮೆ. ತಕ್ಕ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಈಗಾಗಲೇ ಧಾರಾಳವಾಗಿದ್ದರೆ ಲೇಪನದಿಂದ ದೊಡ್ಡ ಲಾಭ ಕಾಣದೆಯೂ ಇರಬಹುದು. ಇದು ಮಾಯೆಯ ಪುಡಿಯಲ್ಲ, ಜೀವವಿರುವ ವಸ್ತು.

ಊರಿನಲ್ಲಿ ಹೊಲ ಇರುವವರು ಗಿಡ ಹೂ ಬಿಡುವ ಹೊತ್ತಿಗೆ ಒಂದನ್ನು ಅಗೆದು ನೋಡಬಹುದು. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಜ್ಜಿದರೆ ಕಳಚುತ್ತದೆ, ಸೀಳಿದರೆ ಒಳಗೆ ಗುಲಾಬಿ. ಬೇರೇ ಉಬ್ಬಿ ಗಂಟಾಗಿದ್ದು, ಉಜ್ಜಿದರೂ ಕಳಚದಿದ್ದರೆ ಅದು ಜಂತುಹುಳುವಿನ ಬಾಧೆಯ ಲಕ್ಷಣ. ಒಂದು ಗಂಟು ಬೆಳೆಗೆ ಮಿತ್ರ, ಇನ್ನೊಂದು ಶತ್ರು. ಡಾಕ್ಟರೇಟಿನ ಕಾಲದಿಂದಲೂ ಬೈಯೆರಿಂಕ್ ಬಿಡಿಸಲು ಹೊರಟದ್ದು ಇಂಥದ್ದೇ ಒಗಟನ್ನು.

ಅವರ ಸ್ವಂತ ಬದುಕಿನಲ್ಲಿ ಜೊತೆಬಾಳು ಹೆಚ್ಚಿರಲಿಲ್ಲ. ಆದರೆ ಒಂಟಿಯಾಗಿದ್ದರೆ ಸೊರಗುವ ಎರಡು ಜೀವಗಳು ಒಂದು ಗಂಟಿನೊಳಗೆ ಪರಸ್ಪರ ಉಣಿಸಿಕೊಂಡು ಬಾಳುವುದನ್ನು ಕೈಯಾರೆ ಬಿಡಿಸಿ ತೋರಿಸಿದವರಲ್ಲಿ ಅವರು ಮೊದಲಿಗರು. ಇಂದು ಸಂಜೆ ತೊಗರಿಬೇಳೆ ಬೇಯಿಸುವಾಗ ಆ ಯೀಸ್ಟ್ ಕಾರ್ಖಾನೆಯ ನೌಕರನನ್ನು ಒಮ್ಮೆ ನೆನೆಯಬಹುದು.